ಹೆಣದ ಮುಂದೆ ಕುಣಿದ ಕುದುರೆ

ಮದುವೆಯ ಮೆರವಣಿಗೆಗೆ ಕುದುರೆ ಏರುವ ವರರಿಗೆ ಸವಾರಿ ಬರುವುದಿಲ್ಲ ಎಂಬುದು ದೊಡ್ಡ ಮಾತಲ್ಲ. ಬರಲಿ ಎಂದು ಯಾರೂ ಬಯಸುವುದೂ ಇಲ್ಲ. ಆದರೆ ಕುದುರೆಯ ಪಕ್ಕದಲ್ಲಿ ಮನುಷ್ಯರ ಹಾಗೆ ನಿಲ್ಲಲಿಕ್ಕಾದರೂ ಬರಬೇಡವೇ? ಕಪ್ಪು ಕನ್ನಡಕ ಏರಿಸಿ, ಬಾಡಿಗೆಯ ಶೇರವಾನಿಯಲ್ಲಿ ಬೆವರುತ್ತ ಸ್ಟೂಲಿನ ಮೇಲೆ ಹತ್ತುತ್ತಾರೆ. ಇಬ್ಬರು ಗೆಳೆಯರು ಹಿಂದಿನಿಂದ ನೂಕುತ್ತಾರೆ. ಜೋಳದ ಚೀಲ ಬಿದ್ದ ಹಾಗೆ ಜೀನಿನ ಮೇಲೆ ಬೀಳುತ್ತಾರೆ. ಬಿದ್ದ ಮರುಗಳಿಗೆಯೇ ಮುಖದಲ್ಲಿ ಚಾಲುಕ್ಯರ ಕಳೆ! ಬಾದಾಮಿಯ ಗುಡ್ಡವೆಲ್ಲ ತಮ್ಮ ಅಜ್ಜನೇ ಕೊರೆಸಿದ್ದು ಎನ್ನುವ ಗತ್ತು. ಕೆಳಗಿನ ಪ್ರಾಣಿ ಒಂದು ಸಲ ಕಿವಿ ಹಿಂದಕ್ಕೆ ಮಾಡಿದರೆ ಸಾಕು, ರಾಜರು ‘ಹಿಡೀರಿ, ಹಿಡೀರಿ’ ಎಂದು ಚೀರುತ್ತಾರೆ.

ಇದನ್ನೆಲ್ಲ ನಾನು ದೂರದಿಂದಲೇ ನೋಡಿದ್ದು. ಕುದುರೆಯನ್ನು ಹೇರಿಕೊಂಡು ಬಂದ ಗಾಡಿಯ ಮರೆಯಲ್ಲಿ ನಿಂತು, ಅಥವಾ ಮರುದಿನ ಯಾರದೋ ಫೋನಿನಲ್ಲಿ. ಕುದುರೆಗೆ ಮೈ ಉಜ್ಜಿದವಳು ನಾನು, ಗೆಜ್ಜೆ ಕಟ್ಟಿದವಳು ನಾನು, ಒಂದೊಂದು ಹೆಜ್ಜೆ ಕಲಿಸಿದವಳು ನಾನು. ಆದರೆ ನಾನು ವಿಧವೆ. ನಾನು ಮುಟ್ಟಿದ ಕುದುರೆ ಮದುವೆಗೆ ಬೇಕು, ನಾನು ಮಾತ್ರ ಬೇಡ. ಇಷ್ಟು ಲೆಕ್ಕ ಇಟ್ಟುಕೊಂಡು ಬದುಕುವ ಜನರ ಮನೆಯ ಪಡಸಾಲೆಯಲ್ಲಿ ಬಸವಣ್ಣನವರ ಫೋಟೋ ಇರುತ್ತದೆ, ಫೋಟೋಕ್ಕೆ ದಿನಾ ಹೂವೂ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ನಮ್ಮ ಲಾಯ ಹುನಗುಂದ ದಾಟಿ ಇಳಕಲ್ಲಿನ ರಸ್ತೆಯಲ್ಲಿ, ಸ್ವಂತ ಹೊಲದ ಅಂಚಿನಲ್ಲಿದೆ. ಅಪ್ಪ ಕುದುರೆಗಳಿಗೆ ಕುಣಿತ ಕಲಿಸುತ್ತಿದ್ದ. ಮದುವೆಗೆ, ಮೆರವಣಿಗೆಗೆ, ಮತ್ತೆ ವರ್ಷಕ್ಕೊಮ್ಮೆ ಬಾಗಲಕೋಟೆಯಲ್ಲಿ ನಡೆಯುವ ಕುದುರೆ ಪ್ರದರ್ಶನಕ್ಕೆ. ನನ್ನನ್ನು ಇಳಕಲ್ಲಿನ ಸೀರೆ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅತ್ತೆಯ ಮನೆಯವರು ಬಹಳ ಮರ್ಯಾದೆಯಿಂದ, ಎರಡು ಒಳ್ಳೆಯ ಸೀರೆ ಕೈಗಿಟ್ಟು, ತವರಿಗೆ ಬಿಟ್ಟು ಹೋದರು. ಅಷ್ಟು ಮರ್ಯಾದೆಯಿಂದ ಕಸವನ್ನು ಯಾರೂ ಹೊರಗೆ ಹಾಕುವುದಿಲ್ಲ. ಅಪ್ಪ ಮರುದಿನ ಬೆಳಿಗ್ಗೆ ಮೈ ಉಜ್ಜುವ ಬ್ರಷ್ ಕೈಗೆ ಕೊಟ್ಟ. ಅದನ್ನು ನಾನು ಆಗ ಪ್ರೀತಿ ಎಂದು ತಿಳಿದೆ. ಪ್ರೀತಿಯೂ ಇದ್ದೀತು, ಆಳಿನ ಸಂಬಳ ಉಳಿಯುವ ಖುಷಿಯೂ ಇದ್ದೀತು.

ಕುಣಿತ ಕಲಿಸುವುದು ಹೀಗೆ. ಎರಡು ಕಂಬಗಳ ನಡುವೆ ಕುದುರೆಯನ್ನು ನಿಲ್ಲಿಸಿ ಎರಡೂ ಕಡೆ ಹಗ್ಗ ಕಟ್ಟುತ್ತಾರೆ. ಎದುರಿಗೆ ಹಲಗಿಯವನು ಕೂತು ಚರ್ಮದ ಹಲಗಿ ಬಡಿಯುತ್ತಾನೆ. ಕಲಿಸುವವರು ಬೆತ್ತದ ತುದಿಯಿಂದ ಮೊಣಕಾಲ ಕೆಳಗೆ ತಟ್ಟುತ್ತಾರೆ. ಕಾಲೆತ್ತಿದರೆ ಬೆಲ್ಲ. ದಿನಾ ಅದೇ, ತಿಂಗಳುಗಟ್ಟಲೆ ಅದೇ. ಕೊನೆಗೆ ಹಗ್ಗವೂ ಬೇಡ, ಬೆತ್ತವೂ ಬೇಡ, ಹಲಗಿಯ ಸದ್ದು ಕಿವಿಗೆ ಬಿದ್ದರೆ ಕಾಲು ತಾನೇ ಏಳುತ್ತದೆ. ಇದನ್ನು ನೋಡಿ ಜನ ‘ಕುದುರೆಗೆ ತಾಳಜ್ಞಾನ’ ಎನ್ನುತ್ತಾರೆ. ತಾಳವೂ ಇಲ್ಲ, ಜ್ಞಾನವೂ ಇಲ್ಲ. ಬೆಲ್ಲದ ಜ್ಞಾನ. ಅದಕ್ಕೆ ಹಲಗಿ ಅಂದರೆ ಬೆಲ್ಲ.

ನಾನು ಹೇಳುತ್ತಿರುವುದು ಒಂದು ಕರಿ ಹೆಣ್ಣುಕುದುರೆಯ ಮಾತು. ಕಿವಿಯ ತುದಿಗಳು ಒಂದಕ್ಕೊಂದು ಮುಟ್ಟುವ ಜಾತಿ, ಮುಂಗಾಲು ಎರಡೂ ಬಿಳಿ. ಮರಿ ಇದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದದ್ದು. ಅಪ್ಪನ ಮಂಡಿ ಹಿಡಿದುಕೊಂಡ ಮೇಲೆ ಅದನ್ನು ಪೂರ್ತಿ ನಾನೇ ತಯಾರು ಮಾಡಿದೆ. ಅಪ್ಪ ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಬೈಯುತ್ತಿದ್ದ. ‘ಕಾಲಿಗಿ ಬಡೀಬ್ಯಾಡಲೇ, ಕಾಲಿಗಿ ಹೇಳು’ ಎನ್ನುತ್ತಿದ್ದ. ಆ ಕುದುರೆ ಕುಣಿದರೆ ಮಣ್ಣು ಏಳುತ್ತಿರಲಿಲ್ಲ, ಅಷ್ಟು ಹಗುರ. ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಪೂರ್ತಿ ಕೆಲಸ ಅದು. ಅದಕ್ಕಿಂತ ಹೆಚ್ಚು ನಾನು ಏನನ್ನೂ ಪ್ರೀತಿಸಲಿಲ್ಲ, ಗಂಡನನ್ನೂ ಸೇರಿಸಿ.

ಇನ್ನು ನನ್ನ ತಮ್ಮ. ಬಾಗಲಕೋಟೆಯ ನವನಗರದಲ್ಲಿ ಮನೆ, ಲೇಔಟ್ ಮಾಡಿ ಸೈಟು ಮಾರುವ ದಂಧೆ. ಲದ್ದಿಯ ವಾಸನೆಗೆ ಅವನಿಗೆ ತಲೆನೋವು ಬರುತ್ತದೆ. ಕುದುರೆ ಕಂಡರೆ ಕಾಲುನೋವು ಎಂದು ಗಾದೆ, ಇವನಿಗೆ ತಲೆನೋವು. ವರ್ಷವಿಡೀ ಲಾಯಕ್ಕೆ ಕಾಲಿಡುತ್ತಿರಲಿಲ್ಲ. ಪ್ರದರ್ಶನದ ದಿನ ಮಾತ್ರ ಬಿಳಿ ಜುಬ್ಬಾ, ತಲೆಗೆ ಕೇಸರಿ ಪಟಗ, ಮುಂಜಾನೆಯೇ ಸಲೂನಿನಲ್ಲಿ ತಿದ್ದಿಸಿದ ಮೀಸೆಯೊಂದಿಗೆ ಪ್ರತ್ಯಕ್ಷನಾಗುತ್ತಿದ್ದ. ಮೈದಾನದ ಬಾಗಿಲಲ್ಲಿ ನನ್ನ ಕೈಯಿಂದ ಹಗ್ಗ ಇಸಿದುಕೊಂಡು ಒಳಗೆ ಹೋಗುತ್ತಿದ್ದ. ಆ ವರ್ಷದ ಕುದುರೆ ತಾನೇ ಕುಣಿಯುತ್ತಿತ್ತು, ಇವನು ಪಕ್ಕದಲ್ಲಿ ನಡೆಯುತ್ತಿದ್ದ. ಮೈಕಿನವನು ‘ತಯಾರಿಸಿದವರು’ ಎಂದು ಅವನ ಹೆಸರು ಕೂಗುತ್ತಿದ್ದ. ಕಪ್ ಅವನ ಮನೆಯ ಶೋಕೇಸಿಗೆ ಹೋಗುತ್ತಿತ್ತು. ಕುದುರೆ ನನ್ನ ಜೊತೆ ಗಾಡಿಯಲ್ಲಿ ಹುನಗುಂದಕ್ಕೆ ಬರುತ್ತಿತ್ತು.

ಒಮ್ಮೆ ಅಪ್ಪನಿಗೆ ಕೇಳಿದೆ, ‘ಕಲಿಸಿದಾಕಿ ನಾ, ಹೆಸರು ಅವಂದ್ಯಾಕ?’

‘ಮಂದಿ ಏನಂದಾರು,’ ಎಂದ ಅಪ್ಪ. ಈ ಮಂದಿ ಎಂಬುವರು ಯಾರು ಎಂದು ನನಗೆ ಇಂದಿಗೂ ತಿಳಿದಿಲ್ಲ. ನಮ್ಮ ಕುದುರೆಗೆ ಒಂದು ಹಿಡಿ ಹುಲ್ಲು ಹಾಕಿದವರಲ್ಲ ಎಂಬುದಂತೂ ಖಂಡಿತ.

ಆದರೆ ಕರಿ ಕುದುರೆಯ ಕುಣಿತ ಪೂರ್ತಿಯಾದ ವರ್ಷ ಅಪ್ಪನಿಗೇ ಏನನ್ನಿಸಿತೋ, ಒಂದು ಸಂಜೆ ಲಾಯದ ಹಿಂದೆ ನೀರು ಕುಡಿಸುತ್ತಿದ್ದಾಗ ಹತ್ತಿರ ಬಂದು, ‘ಈ ಸಲ ನೀನ ಹಿಡ್ಕೊಂಡು ಒಳಗ ಹೋಗವಾ. ಅದೇನ್ ಮದುವಿ ಅಲ್ಲ, ಶೋ ಐತಿ. ನಿನ್ನ ಹೆಸರ ಹೇಳಸ್ತೇನಿ,’ ಎಂದ. ಸುತ್ತ ಯಾರೂ ಇರಲಿಲ್ಲ, ನಾನು ಮತ್ತು ಕುದುರೆ ಮಾತ್ರ. ಅಪ್ಪ ಆ ಮಾತನ್ನು ಮತ್ತೊಬ್ಬರ ಮುಂದೆ ಹೇಳಲಿಲ್ಲ. ಹೇಳುವ ಮೊದಲೇ, ಪ್ರದರ್ಶನ ಇನ್ನೂ ದೂರವಿರುವಾಗಲೇ, ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು ಹಾಗೇ ಗೋಡೆಗೆ ಒರಗಿದ, ಅಷ್ಟೇ.

ತಮ್ಮ ಬಂದ. ಅತ್ತ, ಖರೆಯಾಗಿಯೇ ಅತ್ತ, ಅದನ್ನು ಇಲ್ಲ ಎನ್ನುವುದಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ವ್ಯವಸ್ಥೆಗೆ ನಿಂತ. ಅಪ್ಪನಿಗೆ ವಿಭೂತಿ ಹಚ್ಚಿ, ಹೂವಿನ ಕುರ್ಚಿಯಲ್ಲಿ ಕೂರಿಸಿ, ಟ್ರ್ಯಾಕ್ಟರಿನ ಮೇಲೆ ಊರೆಲ್ಲ ಮೆರವಣಿಗೆ ಮಾಡಿ, ನಮ್ಮದೇ ಹೊಲದಲ್ಲಿ ಸಮಾಧಿ ಮಾಡುವುದೆಂದಾಯಿತು. ಅಲ್ಲಿಯವರೆಗೆ ಸರಿ. ನವನಗರದ ಅವನ ಗೆಳೆಯರಲ್ಲಿ ಯಾರ ತಲೆಯಲ್ಲಿ ಹೊಳೆಯಿತೋ, ಮೆರವಣಿಗೆಯ ಮುಂದೆ ಕರಿ ಕುದುರೆ ಇರಲಿ ಎಂದರು. ಸವಾರನಿಲ್ಲದ ಖಾಲಿ ಜೀನು, ಅದರ ಮೇಲೆ ಅಪ್ಪನ ಪಟಗ. ಯಾವುದೋ ದೊಡ್ಡವರ ಸಾವನ್ನು ಟಿವಿಯಲ್ಲಿ ನೋಡಿದ್ದರಂತೆ.

‘ಬ್ಯಾಡೋ,’ ಎಂದೆ. ‘ಮುಂದ ಹಲಗಿ ಇರ್ತಾವ. ಅದು ಕುಣಿತೈತಿ.’

‘ಅಕ್ಕಾ, ಅಪ್ಪಾ ಹೋಗ್ಯಾನ, ಇಂಥಾದ್ರಾಗ ಅದ್ಯಾಕ ಕುಣಿತೈತಿ? ಪ್ರಾಣಿಗೂ ತಿಳಿತೈತಿ,’ ಎಂದ ತಮ್ಮ.

ಪ್ರಾಣಿಗೂ ತಿಳಿಯುತ್ತದೆ! ಕುದುರೆಯವನ ಹೊಟ್ಟೆಯಲ್ಲಿ ಹುಟ್ಟಿದ ಮಗ ಆಡುವ ಮಾತು. ಸಾವಿನ ಮನೆಯಲ್ಲಿ ನಾನು ಇನ್ನೊಂದು ಮಾತು ಆಡಿದ್ದರೆ, ಹೆಣ ಮುಂದಿಟ್ಟುಕೊಂಡು ಜಗಳ ತೆಗೆದಳು ಎನ್ನುತ್ತಿದ್ದರು. ಹೋಗಿ ಕುದುರೆಗೆ ಜೀನು ಬಿಗಿದೆ.

ಹುನಗುಂದದ ದೊಡ್ಡ ರಸ್ತೆಗೆ ಬಂದೊಡನೆ ಹಲಗಿಯವರು ಜೋರಾಗಿ ಬಡಿದರು. ಕರಿ ಕುದುರೆ ಕಿವಿ ನಿಮಿರಿಸಿತು. ಬಲಗಾಲು ಎತ್ತಿತು. ಆಮೇಲೆ ನಾನು ಕಲಿಸಿದ್ದೆಲ್ಲವನ್ನೂ, ಒಂದನ್ನೂ ಬಿಡದೆ, ಅಪ್ಪನ ಹೆಣದ ಮುಂದೆ ಕುಣಿದು ತೋರಿಸಿತು. ಅಡ್ಡಹೆಜ್ಜೆ, ತಿರುಗು, ಮುಂಗಾಲು ಮಡಚಿ ಬಾಗುವುದು, ಎಲ್ಲ. ಅಪ್ಪನ ಪಟಗ ಜೀನಿನಿಂದ ಜಾರಿ ರಸ್ತೆಗೆ ಬಿತ್ತು. ತಮ್ಮ ಹಗ್ಗ ಜಗ್ಗಿದ, ಅದು ಇನ್ನಷ್ಟು ಚೆನ್ನಾಗಿ ಕುಣಿಯಿತು, ಏಕೆಂದರೆ ಹಗ್ಗ ಬಿಗಿದರೆ ಕತ್ತು ಮೇಲೆತ್ತಬೇಕು ಎಂದು ನಾನೇ ಕಲಿಸಿದ್ದೆ. ಬಾಗಿದಾಗ ಅದು ಹೂವಿನ ಕುರ್ಚಿಯ ಕಡೆ ಮುಖ ಮಾಡಿತ್ತು. ಬೆಲ್ಲ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ನೋಡಿತ್ತು. ನನಗೆ ಅಲ್ಲೇ ರಸ್ತೆಯಲ್ಲಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಜನ ನಾಚಿಕೊಂಡರೆಂದು ನೀವು ತಿಳಿದರೆ ನಿಮಗೆ ನಮ್ಮ ಜನ ಗೊತ್ತಿಲ್ಲ. ಎಲ್ಲರೂ ಫೋನು ಎತ್ತಿದರು. ಸಂಜೆಯ ಹೊತ್ತಿಗೆ ಅದು ಊರೂರು ತಿರುಗಿತು. ಅಳುವ ಹಾಡೊಂದನ್ನು ಹಚ್ಚಿ, ‘ಒಡೆಯನಿಗೆ ಮೂಕಪ್ರಾಣಿಯ ಕೊನೆಯ ನಮನ’ ಎಂದು ಬರೆದಿದ್ದರು. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮೂರನೆಯ ದಿನದಿಂದ ಲಾಯಕ್ಕೆ ಮಂದಿ ಬರತೊಡಗಿದರು. ಬಾದಾಮಿಯಿಂದ, ಶಿವಯೋಗ ಮಂದಿರದ ಕಡೆಯಿಂದ, ಪಟ್ಟದಕಲ್ಲು ನೋಡಲು ಬಂದವರು ಹಾಗೇ ಗಾಡಿ ತಿರುಗಿಸಿಕೊಂಡು. ಕುದುರೆಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಒಬ್ಬ ಹೆಂಗಸು ಚೆಂಡುಹೂವಿನ ಹಾರ ತಂದು ಕೊರಳಿಗೆ ಹಾಕಿದಳು. ಕುದುರೆ ಕತ್ತು ತಿರುಗಿಸಿ ಹಾರವನ್ನು ತಿಂದಿತು. ‘ಸ್ವೀಕಾರ ಮಾಡ್ತು ನೋಡ್ರಿ!’ ಎಂದು ಆಕೆ ಕೈಮುಗಿದಳು. ನಾನು ಲದ್ದಿಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಅದನ್ನು ಯಾರೂ ಕಣ್ಣಿಗೆ ಒತ್ತಿಕೊಳ್ಳಲಿಲ್ಲ.

ಇತ್ತ ಕಾಲು ಮುಟ್ಟಿ ಹೋದ ಅದೇ ಜನ, ಅತ್ತ ಮದುವೆಗೆ ಹೇಳಿದ್ದ ಕುದುರೆಯನ್ನು ಬೇಡವೆಂದರು. ಹೆಣದ ಮುಂದೆ ಕುಣಿದದ್ದು ಮದುಮಗನ ಕೆಳಗೆ ಕುಣಿದರೆ ಹೇಗೆ? ಹುನಗುಂದದ ನಿವೃತ್ತ ಮಾಸ್ತರರೊಬ್ಬರು, ಪ್ರತಿ ಬಸವ ಜಯಂತಿಗೆ ವೇದಿಕೆ ಹತ್ತಿ ಶರಣರಿಗೆ ಸೂತಕವಿಲ್ಲ ಎಂದು ಗಂಟಲು ಹರಿದುಕೊಳ್ಳುವವರು, ಫೋನು ಮಾಡಿದರು.

‘ನಮಗೇನಿಲ್ಲವ್ವಾ, ನಾವು ಅದನೆಲ್ಲಾ ನಂಬೂದಿಲ್ಲ. ಆದರ ಬೀಗರು...’

‘ಬೀಗರು ಯಾವ ಪೈಕಿರಿ ಸರ?’ ಎಂದೆ.

‘ನಮ್ಮ ಪೈಕಿನ.’

‘ಹಂಗಾದ್ರ ಅವರ್ನೂ ಒಂದ್ ಸಲ ವೇದಿಕಿ ಮ್ಯಾಲೆ ಕರೀರಲ್ಲ.’ ಫೋನು ಇಟ್ಟರು. ಮನುಷ್ಯರಿಗೇ ಸೂತಕವಿಲ್ಲ ಎಂದು ಸಾರಿದ ಧರ್ಮದವರು ಕುದುರೆಗೆ ಸೂತಕ ಹಚ್ಚಿದರು. ಲೋಕದಲ್ಲಿ ಇದನ್ನು ಸಾಧಿಸಿದವರು ನಾವೇ ಮೊದಲಿಗರು ಇರಬೇಕು. ನನಗೆ ಒಳಗೊಳಗೇ ನಗು ಬಂತು. ಈ ಲಾಯದಲ್ಲಿ ಮದುವೆಗೆ ಬೇಡವಾದವರು ಈಗ ಇಬ್ಬರಾದೆವು.

ಮದುವೆಯವರು ಬಿಟ್ಟ ಜಾಗಕ್ಕೆ ಸಾವಿನವರು ಬಂದರು. ನಮ್ಮ ಅಪ್ಪಾರ ಮುಂದೂ ಕುಣಿಸಿರಿ, ನಮ್ಮ ಅಜ್ಜಿ ಮುಂದೂ ಕುಣಿಸಿರಿ. ಬಾಗಲಕೋಟೆಯಿಂದ ಒಬ್ಬ ಫೋನು ಮಾಡಿ, ದನಿ ತಗ್ಗಿಸಿ, ‘ನಮ್ಮ ತಂದಿಯವರು ದವಾಖಾನ್ಯಾಗ ಅದಾರ. ಡಾಕ್ಟರು ಭಾಳ ದಿನಾ ಇಲ್ಲ ಅಂದಾರ. ಈ ವಾರ ಕುದುರಿ ಖಾಲಿ ಐತೇನ್ರಿ?’ ಎಂದು ಕೇಳಿದ. ಒಳಗೆ ಹಾಸಿಗೆಯ ಮೇಲೆ ಆ ಮುದುಕ ನೀರು ಕೇಳುತ್ತಿದ್ದನೋ ಏನೋ. ‘ನಿಮ್ಮ ತಂದಿಯವರನ್ನ ಕೇಳ್ರಿ, ಅವರಿಗ್ಯಾವ ದಿನಾ ಅನುಕೂಲ ಅಂತ,’ ಎಂದೆ.

ನಾನು ಬೈದು ಇಟ್ಟ ಫೋನುಗಳೆಲ್ಲ ತಮ್ಮನಿಗೆ ಹೋದವು. ಒಂದು ದಿನ ಬಂದ. ಮೂಗಿಗೆ ಕರ್ಚೀಫು ಹಿಡಿದು ಲಾಯದ ಬಾಗಿಲಲ್ಲಿ ನಿಂತ.

‘ಅಕ್ಕಾ, ಶೋಕ್ಕ ಈ ಕುದುರಿ ನಾ ಹಿಡ್ಕೊಂಡು ಹೋಗ್ತೇನಿ. ಇಳಕಲ್ಲಿನ ಕ್ವಾರಿ ಸಾವಕಾರ್ರು ಬರಾಕತ್ತಾರ. ಒಂದ್ ಸಲ ಕಣ್ಣಾರೆ ನೋಡಿ ಒಯ್ತೇನಿ ಅಂದಾರ.’

‘ಒಯ್ದು?’

‘ಹೊಸಾ ಬಂಗ್ಲೆ ಕಟ್ಯಾರ. ಮುಂದ ಕಟ್ತಾರ.’

ಕಲ್ಲು ಕೊರೆದು ಕೊರೆದು ಬಂಗಲೆ ಕಟ್ಟಿದವನಿಗೆ ಬಾಗಿಲ ಮುಂದೆ ನಿಲ್ಲಿಸಲು ಒಂದು ಕಲ್ಲಿನ ಕುದುರೆ ಮಾಡಿಸಿಕೊಳ್ಳುವುದು ಹೊಳೆದಿಲ್ಲ ನೋಡಿ. ‘ಅಪ್ಪಾ ನನಗ ಹಿಡ್ಕೊಂಡು ಹೋಗು ಅಂದಿದ್ದ,’ ಎಂದೆ.

‘ಯಾರ ಮುಂದ ಅಂದಿದ್ದ?’

ತಮ್ಮ ಮೆತ್ತಗೆ, ಬಹಳ ಪ್ರೀತಿಯವನ ಹಾಗೆ, ಉಳಿದದ್ದನ್ನೂ ಹೇಳಿದ. ಕರಿ ಕುದುರೆ ಹೋದ ಮೇಲೆ ಲಾಯದಲ್ಲಿ ಉಳಿದ ಎರಡು ಕುದುರೆಗಳನ್ನೂ ಕೊಟ್ಟುಬಿಡುವುದು. ರಸ್ತೆಗೆ ಹತ್ತಿದ ಹೊಲ, ಲಾಯ ತೆಗೆದು ಅಪ್ಪನ ಸಮಾಧಿಗೆ ಒಂದು ಮೂಲೆ ಬಿಟ್ಟರೆ ಒಳ್ಳೆಯ ಲೇಔಟ್ ಆಗುತ್ತದೆ. ‘ನೀ ನಮ್ಮನ್ಯಾಗ ಬಂದಿರು. ಹುಡುಗರಿಗೂ ಅತ್ತಿ ಅಂದ್ರ ಭಾಳ ಜೀವ.’ ಆ ಹುಡುಗರು ನನ್ನ ಸೀರೆಗೆ ಕುದುರೆಯ ವಾಸನೆ ಬರುತ್ತದೆಂದು ನನ್ನ ಪಕ್ಕ ಕೂಡುವುದಿಲ್ಲ. ನವನಗರದ ಅಡುಗೆಮನೆಯಲ್ಲಿ ನನ್ನ ಉಳಿದ ಆಯುಷ್ಯವನ್ನು ಅವನು ಆಗಲೇ ಜೋಡಿಸಿಟ್ಟಿದ್ದ. ಕುದುರೆ ಹೋದರೆ ನನ್ನ ಕೈಯೇ ಹೋಗುತ್ತದೆ ಎಂದು ನನಗೆ ಅನ್ನಿಸಿತು, ಅವನಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದ.

ಅವನು ಬಂದುಹೋಗುವ ಮೊದಲೇ ನಾನು ಒಂದು ಕೆಲಸ ಶುರುಮಾಡಿದ್ದೆ. ತಮ್ಮನಿಗೆ ಬುದ್ಧಿ ಕಲಿಸಬೇಕೆಂದು ಅಲ್ಲ, ಅಂಥ ಯೋಜನೆ ಹಾಕುವಷ್ಟು ಜಾಣತನ ನನಗಿಲ್ಲ. ಅಪ್ಪನ ಹೆಣದ ಮುಂದಿನ ಆ ಕುಣಿತ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ನಾವು ಅದಕ್ಕೆ ಕುಣಿಯುವುದನ್ನು ಕಲಿಸಿದ್ದೆವು, ನಿಲ್ಲುವುದನ್ನು ಕಲಿಸಿರಲಿಲ್ಲ. ಕುದುರೆ ಕುಣಿಸುವವರು ಯಾರೂ ಕಲಿಸುವುದಿಲ್ಲ. ನಿಂತ ಕುದುರೆಗೆ ಯಾರು ಬಹುಮಾನ ಕೊಡುತ್ತಾರೆ? ಯಾವ ಹಲಗಿಗೂ, ಯಾರ ಮನೆಯ ಹಲಗಿಗೂ, ಕಾಲೆತ್ತುವ ಪ್ರಾಣಿಯನ್ನು ಮಾಡಿಟ್ಟವರು ನಾವು. ನನಗೆ ಅದು ಅಸಹ್ಯವಾಯಿತು.

ಅಪ್ಪನ ಜೊತೆ ಮೊದಲಿನಿಂದ ಇದ್ದ ಹಲಗಿಯವನನ್ನು ಕರೆಸಿದೆ. ಕುದುರೆಯನ್ನು ಕಂಬಗಳ ನಡುವೆ ನಿಲ್ಲಿಸಿ, ‘ಬಡಿ’ ಎಂದೆ. ಕುದುರೆ ಕಾಲೆತ್ತಿತು. ಬೆಲ್ಲ ಇಲ್ಲ. ಮತ್ತೆ ಎತ್ತಿತು. ಇಲ್ಲ. ನನ್ನ ಮುಖ ನೋಡಿತು, ಕೋಪದಿಂದ ನೆಲ ಕೆರೆಯಿತು, ಕಲಿತದ್ದನ್ನೆಲ್ಲ ಒಂದರ ಮೇಲೊಂದು ಮಾಡಿ ತೋರಿಸಿತು. ಇಲ್ಲ. ದಣಿದು ಒಂದು ಗಳಿಗೆ ಸುಮ್ಮನೆ ನಿಂತಿತು. ಬೆಲ್ಲ. ‘ಬಾಳೆಲ್ಲಾ ಕುಣಿಸಾಕ ಬಡದೇನವಾ, ನಿಂದ್ರಸಾಕ ಬಡಿಯೂದು ಇದ ಮೊದಲು,’ ಎಂದು ಹಲಗಿಯವನು ನಕ್ಕ. ದಿನಾ ಮುಂಜಾನೆ ಇದೇ ನಡೆಯಿತು. ಸಿಟ್ಟಿನಲ್ಲಿ ಒಮ್ಮೆ ನನ್ನ ಭುಜವನ್ನು ಕಚ್ಚಿತು ಕೂಡ. ಬರಬರುತ್ತ ಹಲಗಿ ಎಷ್ಟು ಜೋರಾದರೂ ಅದು ಕಿವಿ ಮಾತ್ರ ಆಡಿಸಿ ನಿಲ್ಲತೊಡಗಿತು. ಆಮೇಲೆ ನಾನು ಕುತ್ತಿಗೆಯ ಮೇಲೆ ಕೈಯಿಟ್ಟು ‘ನಡಿಯವಾ’ ಎಂದರೆ ಕುಣಿಯುವುದು, ಅನ್ನದಿದ್ದರೆ ನಿಲ್ಲುವುದು. ಇದನ್ನು ನಾನು ಮುಚ್ಚಿಡಲಿಲ್ಲ. ತಮ್ಮ ಕೇಳಿದ್ದರೆ ಹೇಳುತ್ತಿದ್ದೆ. ಕುದುರೆ ಏನು ಮಾಡುತ್ತಿದೆ, ಹೇಗಿದೆ, ಮೇವು ತಿನ್ನುತ್ತಿದೆಯೇ ಎಂದು ಅವನು ಒಂದು ದಿನವೂ ಕೇಳಲಿಲ್ಲ.

ಪ್ರದರ್ಶನದ ದಿನ ಬಾಗಲಕೋಟೆಯ ಮೈದಾನದಲ್ಲಿ ಎಂದಿನ ಜಾತ್ರೆ. ತೀರ್ಪುಗಾರರೆಂದು ಮೂವರು ಕುರ್ಚಿಯಲ್ಲಿ ಕೂತಿದ್ದರು. ಒಬ್ಬರಿಗೆ ಕುದುರೆಯ ಬಗ್ಗೆ ಗೊತ್ತಿತ್ತು. ಇನ್ನೊಬ್ಬರು ಮೀಸೆಯ ಬಲದಿಂದ ಬಂದಿದ್ದರು. ಮೂರನೆಯವರು ಶಾಮಿಯಾನದ ಬಾಡಿಗೆ ಕೊಟ್ಟವರು. ಅವರ ಪಕ್ಕದಲ್ಲೇ ಸೋಫಾ ಹಾಕಿ ಕ್ವಾರಿ ಸಾಹುಕಾರನನ್ನು ಕೂರಿಸಿದ್ದರು. ಬೆರಳಿಗೆ ಬೆರಳಿಗೆ ಉಂಗುರ, ಹಲ್ಲಿನಲ್ಲಿ ಕಡ್ಡಿ. ಬಾಗಿಲಲ್ಲಿ ತಮ್ಮ ಎಂದಿನಂತೆ ಕೈ ಚಾಚಿದ. ನಾನು ಎಂದಿನಂತೆ ಹಗ್ಗ ಕೊಟ್ಟು ಹೆಂಗಸರ ಸಾಲಿಗೆ ಹೋಗಿ ಕೂತೆ. ಅದು ನಿಲ್ಲುತ್ತದೋ ಕುಣಿಯುತ್ತದೋ ನನಗೂ ಗೊತ್ತಿರಲಿಲ್ಲ. ಬೇರೆ ಊರಿನ ಹಲಗಿಗಳು, ಅಷ್ಟು ಮಂದಿ. ಕುಣಿದರೆ ಸಂಜೆಗೆ ಅದು ಇಳಕಲ್ಲಿನ ಬಂಗಲೆಯ ಮುಂದೆ, ನಾನು ನವನಗರದ ಅಡುಗೆಮನೆಯಲ್ಲಿ.

‘ಈಗ ಬರುತ್ತಿದೆ, ತನ್ನ ಒಡೆಯನ ಅಂತ್ಯಯಾತ್ರೆಯಲ್ಲಿ ಕುಣಿದು ನಾಡಿನ ಕಣ್ಣು ಒದ್ದೆ ಮಾಡಿದ ಕುದುರೆ!’ ಎಂದು ಮೈಕಿನವನು ಕೂಗಿದ. ತಯಾರಿಸಿದವರು ಎಂದು ತಮ್ಮನ ಹೆಸರು ಹೇಳಿದ. ಚಪ್ಪಾಳೆ ಬಿತ್ತು. ಹಲಗಿಗಳು ಒಮ್ಮೆಲೇ ಎದ್ದವು.

ಕುದುರೆ ನಿಂತಿತು.

ತಮ್ಮ ಹಗ್ಗ ಜಗ್ಗಿದ. ಅದು ಕತ್ತು ಮೇಲೆತ್ತಿತು, ಅಷ್ಟೇ. ನಾಲಿಗೆಯಿಂದ ಟಕಟಕ ಮಾಡಿದ. ಸುತ್ತ ತಿರುಗಿಸಿ ತಂದ, ತಿರುಗಿ ಬಂದು ನಿಂತಿತು. ಹಲಗಿಯವರು ಹತ್ತಿರ ಬಂದು ಕಿವಿಯ ಪಕ್ಕದಲ್ಲೇ ಬಡಿದರು. ಬಿಸಿಲಿನಲ್ಲಿ ಆ ಕರಿ ಮೈ ಹೊಳೆಯುತ್ತಿತ್ತು, ಒಂದು ಕಾಲೂ ನೆಲ ಬಿಡಲಿಲ್ಲ. ‘ಮೂಕಪ್ರಾಣಿಗೆ ದುಃಖ ಇನ್ನೂ ಆರಿಲ್ಲ ಮಹನೀಯರೇ,’ ಎಂದ ಮೈಕಿನವನು. ಅವನ ಬಾಯಿಗೆ ಬೀಗ ಎಂಬುದೇ ಇರಲಿಲ್ಲ. ಕ್ವಾರಿ ಸಾಹುಕಾರ ಹಲ್ಲಿನ ಕಡ್ಡಿ ತೆಗೆದು, ‘ಕುದುರಿ ತಂದಾನೋ, ಕುದುರಿ ಫೋಟೋ ತಂದಾನೋ?’ ಎಂದ. ಸುತ್ತಲಿನವರು ಸಾಹುಕಾರನ ಮಾತಿಗೆ ನಗಬೇಕಾದಷ್ಟು ನಕ್ಕರು. ತಮ್ಮ ಹಗ್ಗದ ತುದಿಯಿಂದ ಕುದುರೆಗೆ ಒಂದು ಏಟು ಹಾಕಿದ. ನಾನು ಎದ್ದು ನಿಂತೆ. ಅವನು ನನ್ನನ್ನು ನೋಡಿದ.

ಪಟಗ ಓರೆಯಾಗಿತ್ತು, ತಿದ್ದಿಸಿದ ಮೀಸೆಯ ಮೇಲೆ ಬೆವರು. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಏನೋ ತಿಳಿದ ಹಾಗಾಯಿತು. ಮೈಕಿನವನ ಹತ್ತಿರ ಹೋಗಿ ಏನೋ ಹೇಳಿದ. ಅವನು ಕೇಳಿಸದೆ ಮೈಕನ್ನೇ ಮುಂದೆ ಹಿಡಿದ. ಆಗ ಇಡೀ ಮೈದಾನಕ್ಕೆ ಕೇಳುವ ಹಾಗೆ ನನ್ನ ತಮ್ಮನ ದನಿ ಬಂತು:

‘ಕಲಿಸಿದಾಕಿ ನಾ ಅಲ್ರಿ, ನಮ್ಮಕ್ಕ. ಅಕಿ ಬಂದ್ರನ ಕುಣಿತೈತಿ. ಅಕಿನ್ನ ಕರೀರಿ.’

ಎಷ್ಟೋ ವರ್ಷ ನಾನು ಈ ಮಾತಿಗಾಗಿ ಕಾದಿದ್ದೆ. ಇದನ್ನು ಕೇಳಿದ ದಿನ ನನ್ನ ಎದೆ ಉಬ್ಬುತ್ತದೆ ಎಂದುಕೊಂಡಿದ್ದೆ. ಉಬ್ಬಲಿಲ್ಲ. ಸಿಟ್ಟು ಬಂತು. ತಮ್ಮನ ಮೇಲಲ್ಲ, ಸಾಹುಕಾರನ ಮೇಲೂ ಅಲ್ಲ. ಅಪ್ಪನ ಮೇಲೆ. ತಮ್ಮನಿಗೆ ಆ ಕೆಲಸದ ಬೆಲೆ ಗೊತ್ತಿರಲಿಲ್ಲ, ಅವನು ಕತ್ತೆ. ಅಪ್ಪನಿಗೆ ದಿನಾ ಗೊತ್ತಿತ್ತು. ಹೊರಸಿನ ಮೇಲೆ ಕೂತು ಒಂದೊಂದು ಹೆಜ್ಜೆಯನ್ನೂ ನೋಡಿದವನು ಅವನು. ನಾಲ್ಕು ಮಂದಿಯ ಮುಂದೆ ಒಂದು ಮಾತು, ಇವಳು ಮಾಡಿದ್ದು ಎಂಬ ಒಂದೇ ಮಾತು, ಅವನ ಬಾಯಿಂದ ಬರಲಿಲ್ಲ. ಲಾಯದ ಹಿಂದೆ, ಯಾರೂ ಇಲ್ಲದಲ್ಲಿ, ಭಿಕ್ಷೆ ಹಾಕಿದ ಹಾಗೆ ಹಾಕಿ ಹೋದ. ಊರಿಗೆಲ್ಲ ಬಾಯಿಗೆ ಬಂದಂತೆ ಅನ್ನುವ ನಾನು ಅಪ್ಪನನ್ನು ಮಾತ್ರ ಒಂದು ದಿನವೂ ಅಂದಿರಲಿಲ್ಲ. ಅಲ್ಲಿ, ಆ ಹೆಂಗಸರ ನಡುವೆ ನಿಂತು, ಅವನು ಸತ್ತ ದಿನವೂ ಬಾರದಷ್ಟು ಅಳು ಬಂತು. ಪಕ್ಕದಾಕೆ ನನ್ನದು ಆನಂದದ ಕಣ್ಣೀರು ಎಂದು ತಿಳಿದು ಬೆನ್ನು ತಟ್ಟಿದಳು.

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ನಡೆದೆ. ‘ಕುದುರಿ ಕೊಂಡ್ರ ಅಕ್ಕನ್ನೂ ಬಂಗ್ಲೆ ಮುಂದ ಕಟ್ಟಬೇಕಾಗ್ತೈತಿ, ಬ್ಯಾಡ ಬಿಡೋ,’ ಎಂದ ಸಾಹುಕಾರ. ಮತ್ತೆ ನಗು ಎದ್ದಿತು. ಅವನ ಬಾಯಿಂದ ಬಂದ ಒಂದೇ ಉಪಯೋಗದ ಮಾತು ಅದು. ಮಾರಾಟ ಅಲ್ಲೇ ಮುರಿಯಿತು. ಕುದುರೆ ಇಂದಿಗೂ ನನ್ನ ಲಾಯದಲ್ಲೇ ಇದೆ, ಲಾಯ ಇಂದಿಗೂ ಲೇಔಟ್ ಆಗಿಲ್ಲ.

ತಮ್ಮ ಹಗ್ಗ ಹಿಡಿದೇ ನಿಂತಿದ್ದ. ‘ಏನ್ ಮಾಡೀದಿ ಅಕ್ಕಾ ಇದಕ್ಕ?’ ಎಂದು ಹಲ್ಲು ಕಚ್ಚಿ ಕೇಳಿದ.

‘ನಿಂದ್ರೂದು ಕಲಿಸೇನಿ,’ ಎಂದೆ. ‘ಹಗ್ಗ ಬಿಡು.’

ಬಿಟ್ಟ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಮೈದಾನದ ಸುತ್ತ ಕಟ್ಟಿದ ಹಗ್ಗದ ಆಚೆಗೆ ಹೋದ. ಹಲಗಿಯವರು ಬಡಿಯುವುದನ್ನು ನಿಲ್ಲಿಸಿ ತೀರ್ಪುಗಾರರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ‘ಬಡೀಬೇಕೇನವಾ ಇನ್ನ?’ ಎಂದು ಕೇಳಿದರು.

‘ಬಡೀರಿ,’ ಎಂದೆ.